ಕುರ್ಚಿಯ ಮೇಲಿನ ಬ್ಯಾಗು

ಲಕ್ಷ್ಮೇಶ್ವರ
ಗುರುವಾರ, 3 ಜುಲೈ 2025

ನನ್ನ ಪಕ್ಕದ ಕುರ್ಚಿಯ ರೋಜಾಳಿಗೆ,

ಮೊಬೈಲು ಕೈಯಲ್ಲೇ ಇರುವಾಗ ಈ ರುಹಿ ಅಕ್ಕ ಕಾಗದ ಯಾಕೆ ಬರೆಯುತ್ತಾಳೆ ಅಂತ ನೀನು ನಗುತ್ತಿರಬಹುದು. ನಗು. ನನ್ನ ತವರುಮನೆಯನ್ನು ನೀನೇ ನೋಡಿದ್ದೀಯ, ಇರುವುದು ಎರಡು ಕೋಣೆ. ಇಲ್ಲಿ ಫೋನಿನಲ್ಲಿ ಒಂದು ಮಾತು ಆಡಿದರೆ ಅಮ್ಮನಿಗೆ ಕೇಳುತ್ತದೆ, ಗೋಡೆಯಾಚೆಯ ಮನೆಯವರಿಗೂ ಕೇಳುತ್ತದೆ. ಮೆಸೇಜು ಕಳಿಸೋಣವೆಂದರೆ ಅದರ ಫೋಟೊ ತೆಗೆದು ಇನ್ನೊಬ್ಬರಿಗೆ ದಾಟಿಸಲು ಎಷ್ಟು ಹೊತ್ತು ಬೇಕು? ನಾನು ಹೆರಿಗೆ ರಜೆಗೆ ಬರುವ ಮುಂಚೆ ಯಾರಾದರೂ ಕೇಳಿದ್ದರೆ, ನಮ್ಮ ರೋಜಾ ಅಂಥವಳಲ್ಲ ಅಂತ ಎದೆ ತಟ್ಟಿ ಹೇಳುತ್ತಿದ್ದೆ. ಈಗ ಹೇಳಲಾರೆ. ನೇರವಾಗಿ ಬರೆಯುತ್ತಿದ್ದೇನೆ, ನಿನಗೆ ಬೇಜಾರಾದರೆ ಆಗಲಿ.

ಹೋದ ಭಾನುವಾರ ನೀನು ನನ್ನ ಮಗಳನ್ನು ನೋಡಲು ಬಂದೆ. ಇರುವ ಒಂದೇ ರಜೆಯ ದಿನ, ಮುಂಡರಗಿಯಿಂದ ಶಿರಹಟ್ಟಿಗೆ ಒಂದು ಬಸ್ಸು, ಅಲ್ಲಿಂದ ಇಲ್ಲಿಗೆ ಇನ್ನೊಂದು. ಕೂಸಿಗೆ ಎರಡು ಅಂಗಿ ತಂದೆ, ನನಗೆ ನಿಮ್ಮ ಅವ್ವ ತಿಪ್ಪವ್ವ ಮಾಡಿದ ಅಂಟಿನ ಉಂಡೆ ತಂದೆ. ಉಂಡೆ ಚೆನ್ನಾಗಿದ್ದವು, ಆ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಉಳಿದ ಎಲ್ಲದರ ಬಗ್ಗೆ ಇದೆ.

ಕೂಸನ್ನು ನೋಡಲು ಬಂದವರು ಕೂಸನ್ನು ನೋಡುತ್ತಾರೆ. ಮೂಗು ಯಾರದು, ಹಣೆ ಯಾರದು ಅಂತ ಒಂದಿಷ್ಟು ಮಾತಾಡುತ್ತಾರೆ. ನೀನು ಅವಳನ್ನು ಎತ್ತಿಕೊಂಡೆ, ಕೊಟ್ಟೆ, ಆಮೇಲೆ ನಿನ್ನ ಕಣ್ಣು ಒಳಬಾಗಿಲಿನ ಮೇಲೆ. ಏನೋ ಕೇಳಲು ಬಾಯಿ ತೆರೆಯುತ್ತಿದ್ದೆ, ಮುಚ್ಚುತ್ತಿದ್ದೆ. ತೆರೆದಾಗಲೆಲ್ಲ ಬಂದದ್ದು ಒಂದೇ ಪ್ರಶ್ನೆ: "ಅಕ್ಕಾರ, ಅಮಾಸಿದು ನೀವು ಹೆಂಗ ಮಾಡ್ತಿದ್ರಿ?" ನಡುವೆ ನಡುವೆ, "ಖರೇ ಹೇಳ್ರಿ ಅಕ್ಕಾರ, ಆರಾಮ ಅದೀರಿಲ್ಲೋ?" ನಾನು ಚಾಪೆಯಿಂದ ಎದ್ದಾಗ ನೀನು ನನ್ನ ಮೊಣಕಾಲನ್ನೇ ನೋಡುತ್ತಿದ್ದೆ. ನೋಡಿದ್ದನ್ನು ನಾನು ನೋಡಿದೆ. ಬಾಣಂತಿಯ ಮೊಣಕಾಲಿನಲ್ಲಿ ನಿನಗೇನು ಕೆಲಸ?

ನಮ್ಮ ಮನೆಯವರೂ ಆ ದಿನ ಇಲ್ಲೇ ಇದ್ದರು. ಶಫೀಕ ಅವರು ಬೆಟಗೇರಿಯ ಪೈಪಿನ ಅಂಗಡಿಗೆ ಬೀಗ ಹಾಕಿ ವಾರಕ್ಕೊಮ್ಮೆ ಬರುತ್ತಾರಲ್ಲ. ಮನೆಯಲ್ಲಿ ಕುಡಿದ ಲೋಟ ಎತ್ತಿಡದ ಮನುಷ್ಯ, ನಿನಗೆ ತಾವೇ ಒಂದಾದ ಮೇಲೊಂದು ಚಹಾ ತಂದರು, ನೀನು ಏಳುವ ತನಕ ಪಕ್ಕದಲ್ಲೇ ಕುಳಿತು ಉಪಚಾರ ಮಾಡಿದರು. ನನ್ನ ಮೇಲಿನ ಗೌರವಕ್ಕೆ ನನ್ನ ಶಿಷ್ಯೆಗೂ ಇಷ್ಟು ಮರ್ಯಾದೆ ಅಂತ ನಾನು ಹಿಗ್ಗಿದೆ. ಅಂಥ ಮನೆಗೆ ಬಂದು ನೀನು ಗುಟ್ಟು ಕೆದಕುತ್ತಿದ್ದೀಯಲ್ಲ ಅಂತ ಸಂಕಟವೂ ಆಯಿತು.

ಬೆಟಗೇರಿಯ ನಮ್ಮ ಆಫೀಸಿನಲ್ಲಿ ಏನಾಗಿದೆ ಅಂತ ನನಗೆ ತಿಳಿಯದು ಅಂದುಕೊಳ್ಳಬೇಡ. ಚಹಾ ತರುವ ಸಕ್ರಪ್ಪ ಫೋನು ಮಾಡಿ ಎಲ್ಲಾ ಹೇಳಿದ್ದಾನೆ. ಅಸುಂಡಿ ಕಡೆಯ ಆ ಯಂತ್ರ ಬಾಡಿಗೆ ಕೇಂದ್ರಕ್ಕೆ ನಾವು ಮಾಡಿಕೊಟ್ಟ ಬುಕಿಂಗ್ ಪ್ರೋಗ್ರಾಮು ಈ ಸಲ ಮುಗ್ಗರಿಸಿತು. ರೈತರು ಮೊಬೈಲಿನಲ್ಲಿ ದಿನ ಆರಿಸಿಕೊಂಡು ಬಿತ್ತನೆಗೆ ಟ್ರ್ಯಾಕ್ಟರ್ ಬುಕ್ ಮಾಡುತ್ತಾರೆ. ಅಮಾವಾಸ್ಯೆಯ ದಿನ ಯಾವ ಡ್ರೈವರನೂ ಗಾಡಿ ಹೊರಗೆ ತೆಗೆಯುವುದಿಲ್ಲ, ತೊಳೆದು ಪೂಜೆ ಮಾಡಿ ನಿಲ್ಲಿಸುತ್ತಾನೆ. ಆ ಒಂದು ದಿನವನ್ನು ಪ್ರೋಗ್ರಾಮಿನಲ್ಲಿ ಬಂದ್ ಮಾಡಿಡಬೇಕು. ಎರಡು ವರ್ಷ ಆ ಕೆಲಸ ನಾನು ಮಾಡಿದೆ, ಒಂದು ಸಲವೂ ತಪ್ಪಲಿಲ್ಲ. ನಾನು ರಜೆಗೆ ಬಂದ ಮೇಲೆ ಲೋಹಿತ ಇಂಟರ್‌ನೆಟ್ಟಿನಿಂದ ವರ್ಷದ ಅಮಾವಾಸ್ಯೆಗಳನ್ನೆಲ್ಲ ಇಳಿಸಿಕೊಂಡು ಒಂದೇ ಏಟಿಗೆ ತುಂಬಿಬಿಟ್ಟ. ಹೋದ ವಾರ ಮಂಗಳವಾರ ಸಂಜೆ ಅಮಾವಾಸ್ಯೆ ಕೂಡಿತು ಅಂತ ಅದರಲ್ಲಿತ್ತು, ಅವನು ಮಂಗಳವಾರ ಬಂದ್ ಮಾಡಿದ. ಡ್ರೈವರರು ಹಿಡಿದದ್ದು ಬುಧವಾರ, ಆ ದಿನಕ್ಕೆ ಬುಕ್ ಮಾಡಿದವರಿಗೆ ಗಾಡಿ ಬರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆ ಬೇರೆ. ನಮ್ಮ ಆಫೀಸಿನ ಕೆಳಗಡೆ ರಸ್ತೆಯಲ್ಲಿ ಮಣ್ಣಿನ ಎತ್ತು ಮಾರುತ್ತ ಕುಳಿತಿದ್ದರು, ಮೂರನೆಯ ಮಾಳಿಗೆಯಲ್ಲಿ ನಮ್ಮ ಪ್ರೋಗ್ರಾಮು ಅಮಾವಾಸ್ಯೆ ನಿನ್ನೆಗೇ ಮುಗಿಯಿತು ಅನ್ನುತ್ತಿತ್ತು. ಹಸಿ ಇರುವ ಹೊಲ ಬಿಟ್ಟು ರೈತರು ಕೇಂದ್ರದ ಮುಂದೆ ನಿಂತು ಜಗಳ ತೆಗೆದರಂತೆ. ಅವರದು ತಪ್ಪಿಲ್ಲ, ಬಿತ್ತನೆಯ ಹದ ಯಾರಿಗೂ ಕಾಯುವುದಿಲ್ಲ.

ಆಮೇಲಿನದನ್ನು ಸಕ್ರಪ್ಪ ತಗ್ಗಿದ ದನಿಯಲ್ಲಿ ಹೇಳಿದ. ರುಹಿ ಬೇಕೆಂದೇ ಒಳಗೆ ಏನೋ ಮುಚ್ಚಿಟ್ಟು ಹೋಗಿದ್ದಾಳೆ, ತನ್ನನ್ನು ಬಿಟ್ಟರೆ ನಡೆಯಬಾರದು ಅಂತ ಗಂಟು ಹಾಕಿದ್ದಾಳೆ ಅಂತ ಮೀಟಿಂಗಿನಲ್ಲಿ ಮಾತು ಬಂತಂತೆ. ಯಾರು ಅಂದರು ಅಂತ ಕೇಳಿದರೆ, "ಅದನ್ನ ಕೇಳಬ್ಯಾಡ್ರಿ ಮೇಡಮ್ಮಾರ, ನಾ ಚಾ ಕೊಟ್ಟು ಹೊರಗ ಬಂದೆ," ಅಂದ. ಆ ಮೀಟಿಂಗಿನಲ್ಲಿ ನೀನೂ ಇದ್ದೆ. ನೀನು ಏನಂದೆ?

ನೀನು ಸೇರಿದ ಮೊದಲ ದಿನ ನೆನಪಿದೆ ನನಗೆ. ಬೇರೆ ಕಡೆ ಹೊಸಬರಿಗೆ ಒಂದು ಲ್ಯಾಪ್‌ಟಾಪು ಕೊಟ್ಟು ಮೂಲೆಗೆ ಕೂರಿಸುತ್ತಾರೆ, ಗೊತ್ತಿದ್ದರೆ ಈಜು, ಇಲ್ಲದಿದ್ದರೆ ಮುಳುಗು. ನಮ್ಮ ಮಾಲಕರು ವಿರೂಪಾಕ್ಷಪ್ಪನವರು ಹಾಗಲ್ಲ. ಅವರ ಮನೆತನ ಬೆಟಗೇರಿಯ ನೇಕಾರರದು, ಮಗ್ಗದ ಮುಂದೆ ಕಲಿಯುವವರನ್ನು ಕಲಿತವರ ಪಕ್ಕದಲ್ಲೇ ಕೂರಿಸಿದ್ದನ್ನು ಕಂಡವರು. ಅದಕ್ಕೇ ನಮ್ಮಲ್ಲಿ ಜೋಡಿ ಕುರ್ಚಿ. ಒಂದು ಮೇಜು, ಒಂದು ಪರದೆ, ಎರಡು ಕುರ್ಚಿ. ಒಂದು ವರ್ಷ ಹೊಸಬರು ಎರಡನೆಯ ಕುರ್ಚಿಯಲ್ಲಿ ಕುಳಿತು ಹಿರಿಯರ ಕೆಲಸ ನೋಡಬೇಕು, ಕೇಳಬೇಕು, ಕೀಲಿಮಣೆ ತಮ್ಮ ಕಡೆ ಎಳೆದುಕೊಂಡು ಕೆಡಿಸಬೇಕು, ಮತ್ತೆ ಇಬ್ಬರೂ ಕೂಡಿ ಸರಿಮಾಡಬೇಕು. ನೀನು ಮೊದಲ ವಾರ ಏನು ಕೇಳಿದರೂ "ಆತ್ರೀ ಅಕ್ಕಾರ" ಅನ್ನುತ್ತಿದ್ದೆ. ಆಗಿರುತ್ತಿರಲಿಲ್ಲ. ತಿಳಿಯಲಿಲ್ಲ ಅಂತ ಹಿರಿಯರ ಮುಂದೆ ಹೇಳುವುದು ಅವಮರ್ಯಾದೆ ಅಂತ ನಿನಗೆ ಮನೆಯಲ್ಲಿ ಕಲಿಸಿದ್ದರು. ನಾನು ಅದನ್ನು ಬಿಡಿಸಿದೆ. ಯಾರೇ ಆಗಿದೆ ಅಂದರೂ ನಂಬಬೇಡ, ಕಣ್ಣಾರೆ ನೋಡು ಅಂದೆ. ಏನಾದರೂ ಕೆಟ್ಟರೆ ಯಾರು ಕೆಡಿಸಿದರು ಅಂತ ಕೇಳಬೇಡ, ಎಲ್ಲಿ ಕೆಟ್ಟಿತು ಅಂತ ಕೇಳು ಅಂದೆ. ಅನುಮಾನ ನಮ್ಮ ಕಸುಬಿಗೆ ಉಪ್ಪಿದ್ದ ಹಾಗೆ ಅಂತಲೂ ಅಂದಿದ್ದೆ. ಈಗ ನೋಡು, ಉಪ್ಪು ನನ್ನ ಊಟಕ್ಕೇ ಹೆಚ್ಚಾಗಿದೆ.

ಮೊನ್ನೆ ಮಂಗಳವಾರ ಲೋಹಿತ ಫೋನು ಮಾಡಿದ. ಅವನೂ ನಾನೂ ಒಂದೇ ವರ್ಷ ಸೇರಿದವರು, ಇಷ್ಟು ದಿನ ನನ್ನ ಹತ್ತಿರ ಒಮ್ಮೆಯೂ ಇಷ್ಟು ಮೆತ್ತಗೆ ಮಾತಾಡಿರಲಿಲ್ಲ. "ಏನಿಲ್ರೀ, ನೀವು ಮಾಡೂ ಕೆಲಸಾ ಎಲ್ಲಾ ಒಂದ ಸಲ ಬರದ ಕೊಟ್ಟುಬಿಡ್ರಿ. ಮುಂದ ಯಾರಿಗೂ ತ್ರಾಸ ಆಗಬಾರದು ನೋಡ್ರಿ," ಅಂದ. ಆರು ತಿಂಗಳ ರಜೆಯಲ್ಲಿ ಇನ್ನೂ ನಾಲ್ಕನೆಯ ತಿಂಗಳು ನಡೆದಿದೆ. ಮುಂದೆ ಅಂದರೆ ಯಾವ ಮುಂದೆ? ಆಮೇಲೆ, "ರೋಜಾ ಚಲೋ ತಯಾರಾಗ್ಯಾಳ, ನೀವೇನ ಕಾಳಜಿ ಮಾಡಬ್ಯಾಡ್ರಿ," ಅಂತಲೂ ಸೇರಿಸಿದ. ಯಾವ ಕಾಳಜಿ?

ನಿನ್ನೆ ಅರ್ಜುನನ ಹುಟ್ಟುಹಬ್ಬದ ಫೋಟೊ ಆಫೀಸಿನ ಗ್ರೂಪಿಗೆ ಬಂತು. ಎಲ್ಲರೂ ಕೇಕಿನ ಸುತ್ತ ನಗುತ್ತ ನಿಂತಿದ್ದಾರೆ. ನಾನು ಕೇಕು ನೋಡಲಿಲ್ಲ, ಫೋಟೊ ದೊಡ್ಡದು ಮಾಡಿ ಮೂಲೆ ನೋಡಿದೆ. ನಮ್ಮ ಎರಡು ಕುರ್ಚಿ. ಎರಡನೆಯದರ ಬೆನ್ನಿಗೆ ನಿನ್ನ ಓಢಣಿ. ಮೊದಲನೆಯದರ ಮೇಲೆ, ನನ್ನ ಕುರ್ಚಿಯ ಮೇಲೆ, ನಿನ್ನ ಹಸಿರು ಬ್ಯಾಗು, ಅದರ ಮೇಲೆ ಊಟದ ಡಬ್ಬಿ, ಅದರ ಮೇಲೆ ಛತ್ರಿ. ನಾನು ಕುಳಿತು ನಿನಗೆ ಅಕ್ಷರ ಅಕ್ಷರ ಕಲಿಸಿದ ಜಾಗ ನಿನ್ನ ಸಾಮಾನಿನ ಕಪಾಟಾಯಿತು. ಇನ್ನು ನಾಲ್ಕು ದಿನ ಹೋದರೆ ಬ್ಯಾಗು ಕೆಳಗಿಳಿದು ನೀನು ಏರುತ್ತೀಯ. ಕಾಯಂ ಮಾಡುತ್ತೇವೆ, ಅಮಾವಾಸ್ಯೆಯ ಗುಟ್ಟು ಒಂದು ತಂದುಕೊಡು ಅಂತ ಯಾರಾದರೂ ಹೇಳಿರಬೇಕು. ನಿನ್ನ ಮನೆಯಲ್ಲಿ ಕಾಯಂ ಕೆಲಸದ ದಾರಿ ಎಷ್ಟು ಕಾಯುತ್ತಿದ್ದಾರೆ ಅಂತ ನನಗೆ ತಿಳಿಯದ್ದಲ್ಲ. ಆದರೂ, ಅಂಟಿನ ಉಂಡೆ ಕಟ್ಟಿಕೊಂಡು ಬಂದು ಕೇಳಬೇಕಾಗಿತ್ತೇ?

ಅದಕ್ಕೇ ನಿನಗೆ ಸರಿಯಾದ ಉತ್ತರ ಕೊಡಲಿಲ್ಲ. ಕ್ಯಾಲೆಂಡರ್ ನೋಡಿ ಹಾಕುತ್ತಿದ್ದೆ ಅಂದೆ. ನೀನು ತಲೆಯಾಡಿಸಿದೆ, ನಂಬಲಿಲ್ಲ ಅಂತ ನಿನ್ನ ಮುಖವೇ ಹೇಳಿತು. ಹೊರಡುವಾಗ ಬಾಗಿಲಲ್ಲಿ ಒಂದು ಮಾತು ಹೇಳಿದೆ, ಹುಬ್ಬಳ್ಳಿಯ ಒಂದು ಕಂಪನಿ ನನ್ನನ್ನು ಕರೆಯುತ್ತಿದೆ, ಯಾರಿಗೂ ಹೇಳಬೇಡ ಅಂತ. ನೆನಪಿರಲಿ, ಆ ಮಾತು ನಿನ್ನೊಬ್ಬಳಿಗೇ ಹೇಳಿದ್ದು.

ಮಗಳು ಎದ್ದಳು. ಉಳಿದದ್ದು ಆಮೇಲೆ.

ಶನಿವಾರ, 5 ಜುಲೈ

ಮೇಲಿನದನ್ನು ಈಗ ಓದಿದೆ. ಹರಿದು ಒಲೆಗೆ ಹಾಕಬೇಕು ಅನ್ನಿಸಿತು, ಹಾಕಲಿಲ್ಲ. ತಪ್ಪು ಕೋಡನ್ನು ಅಳಿಸುವ ಮುಂಚೆ ಅದು ಯಾಕೆ ತಪ್ಪಾಯಿತು ಅಂತ ಓದು ಅಂತ ನಿನಗೆ ಹೇಳಿಕೊಟ್ಟವಳು ನಾನೇ. ಹಾಗಾಗಿ ನೀನೂ ಓದು.

ನಿನ್ನೆ ಮಧ್ಯಾಹ್ನ ಮಾಲಕರೇ ಫೋನು ಮಾಡಿದರು. ಮೊದಲು ಕೂಸಿನ ಆರೋಗ್ಯ ಕೇಳಿದರು, ಅಮ್ಮನದು ಕೇಳಿದರು. ಆಮೇಲೆ ಅಂದರು: "ತಂಗೀ, ಮನಸಿಗೆ ಹಚ್ಕೋಬ್ಯಾಡವಾ. ಕೆಲಸಾ ಎಲ್ಲೀ ಹೋಗೂದಿಲ್ಲ, ಮೈ ಮದ್ಲ. ಮಣಕಾಲ ಹಿಡಿದಾವಂತ, ಮೂರ ಮಾಳಿಗಿ ಹತ್ತೂದಂದ್ರ ಹುಡುಗಾಟ ಅಲ್ಲ. ನಿನ್ನ ಜಾಗಾಕ್ಕ ಸೋಮವಾರ ದಾವಣಗೆರಿ ಕಡೆ ಹುಡುಗ ಒಬ್ಬಾಂವ ಬರಾಕ ಹತ್ಯಾನ, ನೋಡ್ತೀವಿ. ಅಮಾಸಿದು ಒಂದ ಹೇಳಿಬಿಡು, ನಿನಗ ಪುಣ್ಯಾ ಬರ್ತದ." ನನ್ನ ಬಾಯಿಂದ "ಹೂಂರೀ ಸರ್" ಅಂತ ಮಾತ್ರ ಬಂತು. ನಾನು ನಿನಗೆ ಬಿಡಿಸಿದ ಚಟ ನನಗೇ ಅಂಟಿಕೊಂಡಿತ್ತು.

ಫೋನು ಇಟ್ಟ ಮೇಲೆ ಕೆಲಸ ಹೋಗುತ್ತಿದೆ ಅನ್ನುವುದು ಹೊಳೆಯಲಿಲ್ಲ. ಮೊದಲು ಹೊಳೆದದ್ದು ಮೊಣಕಾಲು. ನನ್ನ ಮೊಣಕಾಲಿನ ಸುದ್ದಿ ಬೆಟಗೇರಿಗೆ ಹೇಗೆ ಹೋಯಿತು?

ನೀನೂ ಆ ದಿನ ಮೊಣಕಾಲು ನೋಡಿದೆ. ಅಂದರೆ ನೀನು ಇಲ್ಲಿಗೆ ಬರುವ ಮುಂಚೆಯೇ ಆ ಮಾತು ಆಫೀಸಿನಲ್ಲಿತ್ತು. ನೀನು ಇಲ್ಲಿಂದ ಒಯ್ದದ್ದಲ್ಲ. ಲೋಹಿತನಿಗೆ ನಾನು ಹೇಳಿಲ್ಲ, ಸಕ್ರಪ್ಪನಿಗೆ ಹೇಳಿಲ್ಲ, ಅಮ್ಮನ ಮುಂದೆ ಕೂಡ ಆಡಿಲ್ಲ, ಆಡಿದರೆ ಎಣ್ಣೆ ಹಿಡಿದುಕೊಂಡು ಕೂರುತ್ತಾಳೆ. ಕೂಸು ಹುಟ್ಟಿದ ಹೊಸದರಲ್ಲಿ ಒಂದು ದಿನ, ಇನ್ನು ಆ ಮೆಟ್ಟಿಲು ಹತ್ತುವುದು ಹೇಗೋ, ಎದ್ದರೆ ಮೊಣಕಾಲು ಹಿಡಿಯುತ್ತದೆ ಅಂತ ನಾನು ಒಬ್ಬರ ಹತ್ತಿರ ಮಾತ್ರ ಗೊಣಗಿದ್ದೆ. ನಮ್ಮ ಮನೆಯವರ ಹತ್ತಿರ.

ಹುಬ್ಬಳ್ಳಿಯ ಕಂಪನಿ ಸುಳ್ಳು, ರೋಜಾ. ಯಾವ ಕಂಪನಿಯೂ ನನ್ನನ್ನು ಕರೆದಿಲ್ಲ. ಕಾಲುವೆಯ ನೀರು ಎಲ್ಲಿ ಸೋರುತ್ತದೆ ಅಂತ ನೋಡಲು ಮೇಲಿನಿಂದ ಹೊಟ್ಟು ತೂರಿ ಬಿಡುತ್ತಾರಲ್ಲ, ಹಾಗೆ ನಿನ್ನ ಕಿವಿಯಲ್ಲಿ ಒಂದು ಸುಳ್ಳು ಬಿಟ್ಟಿದ್ದೆ. ಲೋಹಿತನ ಬಾಯಿಂದಲೋ ಮಾಲಕರ ಬಾಯಿಂದಲೋ ಅದು ಹೊರಗೆ ಬಂದರೆ ನೀನೇ ಅಂತ ಖಾತ್ರಿಯಾಗುತ್ತಿತ್ತು. ಲೋಹಿತ ಅಷ್ಟು ಹೊತ್ತು ಮಾತಾಡಿದ, ಹುಬ್ಬಳ್ಳಿ ಬರಲಿಲ್ಲ. ಮಾಲಕರ ಮಾತಿನಲ್ಲೂ ಬರಲಿಲ್ಲ. ನೀನು ನುಂಗಿಕೊಂಡು ಕುಳಿತಿದ್ದೆ. ನಾನು ಕೆಲಸ ಬಿಟ್ಟು ಹೋಗುತ್ತೇನೆ ಅಂತ ನನ್ನ ಬಾಯಿಂದಲೇ ಕೇಳಿ, ಅದನ್ನು ಒಬ್ಬಳೇ ಹೊತ್ತು ಎರಡು ಬಸ್ಸು ಬದಲಿಸಿ ಮನೆಗೆ ಹೋದೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ. ಸಂತೋಷವೂ ಆಗುತ್ತಿದೆ, ಅದನ್ನು ಮುಚ್ಚಿಡುವುದಿಲ್ಲ.

ಆದರೂ ಬ್ಯಾಗು ಕಣ್ಣಿಗೆ ಚುಚ್ಚುತ್ತಲೇ ಇತ್ತು. ಸಕ್ರಪ್ಪನಿಗೆ ಫೋನು ಹಚ್ಚಿದೆ. ನನ್ನ ಕುರ್ಚಿಯ ಮೇಲೆ ರೋಜಾ ಯಾಕೆ ಸಾಮಾನು ಇಡುತ್ತಾಳೆ ಅಂತ ಕೇಳಿದೆ. ಅವನು ನಕ್ಕುಬಿಟ್ಟ. "ನಿಮಗ ಗೊತ್ತಿಲ್ಲೇನ್ರಿ? ಲೋಹಿತ ಸರ್ ಅಕಿಗೆ ಮದ್ಲನೇ ಖುರ್ಚ್ಯಾಗ ಕುಂಡ್ರು, ಕಾಯಂ ಮಾಡ್ತೀವಿ ಅಂದ್ರು. ಅಕಿ, ಅಕ್ಕಾರ ಬರ್ತಾರ್ರಿ, ನಾ ಕುಂಡ್ರೂದಿಲ್ಲ ಅಂದ್ಲು. ಅವತ್ತಿಂದ ಮುಂಡರಗಿ ಬಸ್ಸಿನ್ಯಾಗ ಸೀಟ ಹಿಡದಂಗ ಹಿಡದಾಳ್ರಿ. ಸರ್ ಬ್ಯಾಗ ತಗದ ಕೆಳಗ ಇಟ್ರ, ಅವರು ಆಕಡೆ ಹ್ವಾದ ಮ್ಯಾಲ ಮತ್ತ ಮ್ಯಾಲ ಇಡ್ತಾಳ. ಈಗ ಡಬ್ಬೀನೂ ಇಡಾಕ ಹತ್ಯಾಳ, ಛತ್ರೀನೂ ಇಡಾಕ ಹತ್ಯಾಳ."

ಐದು ವರ್ಷ ಗದಗದ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಕೈಚೀಲ ಎಸೆದು ಸೀಟು ಹಿಡಿದವಳು ನಾನು. ಸೀಟಿನ ಮೇಲೆ ಬ್ಯಾಗು ಇದ್ದರೆ ಅದರ ಅರ್ಥ ಏನು ಅಂತ ಈ ಭಾಗದಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಆ ಫೋಟೊವನ್ನು ಅಷ್ಟು ದೊಡ್ಡದು ಮಾಡಿ ನೋಡಿದ ನನಗೆ ಮಾತ್ರ ಹೊಳೆಯಲಿಲ್ಲ. ಸಕ್ರಪ್ಪ ಇನ್ನೊಂದೂ ಹೇಳಿದ, ಆ ಮೀಟಿಂಗಿನಲ್ಲಿ ನೀನು ಎದ್ದುನಿಂತು, ಯಾರು ಅನ್ನೂದು ಬ್ಯಾಡ್ರಿ, ಎಲ್ಲೆ ತಪ್ಪೇತಿ ನೋಡೂಣ್ರಿ ಅಂದೆಯಂತೆ. ಚಹಾ ಕೊಟ್ಟು ಹೊರಗೆ ಬಂದೆ ಅಂದವನಿಗೆ ಇದು ಹೇಗೆ ಕೇಳಿಸಿತೋ, ಅದನ್ನು ನಾನು ಕೇಳಲಿಲ್ಲ.

ನಿನ್ನೆ ಸಂಜೆಯೇ ನಮ್ಮವರು ಮೊಹರಂ ಹಬ್ಬಕ್ಕೆ ಅಂತ ಊರಿಗೆ ಬಂದರು. ನಮ್ಮ ಮನೆಯ ಮಾತು ಉರ್ದುವಿನಲ್ಲಿ ನಡೆದದ್ದು, ನಿನಗೆ ತಿಳಿಯಲಿ ಅಂತ ಕನ್ನಡ ಮಾಡುತ್ತಿದ್ದೇನೆ. ಹೊರಗೆ ಹಲಗೆ ಬಾರಿಸುತ್ತಿದ್ದರು, ಜೋರಾಗಿಯೇ ಕೇಳಬೇಕಾಯಿತು. ನಾನು ಕೆಲಸಕ್ಕೆ ಬರುವುದಿಲ್ಲ ಅಂತ ನೀವು ಹೇಳಿದಿರಾ ಅಂದೆ. ಅವರು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಹೂಂ ಅಂದರು. ಸುಳ್ಳು ಹೇಳಲಿಲ್ಲ, ಅದು ಅವರ ಒಳ್ಳೆಯತನವೋ, ನಾನು ಕೇಳುವುದೇ ಇಲ್ಲ ಅಂದುಕೊಂಡಿದ್ದರೋ ತಿಳಿಯದು. ವಿರೂಪಾಕ್ಷಪ್ಪನವರು ತಮ್ಮ ಹೊಲಕ್ಕೆ ಪೈಪು ನೋಡಲು ಇವರ ಅಂಗಡಿಗೆ ಬಂದಿದ್ದರಂತೆ. ರುಹಿ ಯಾವಾಗ ಬರ್ತಾಳ ಅಂತ ಕೇಳಿದರಂತೆ. ಇವರು, ಇನ್ನು ಬರುವುದು ಕಷ್ಟ, ಮೊಣಕಾಲು ನೋವು, ಕೂಸನ್ನು ಬಿಟ್ಟು ಬರಲು ಮನಸ್ಸಿಲ್ಲ ಅಂದುಬಿಟ್ಟರಂತೆ. ರುಹೀ, ನೀನು ಹೇಳಲು ಸಂಕೋಚಪಡುತ್ತೀಯ ಅಂತ ನಾನೇ ಹೇಳಿದೆ ಅಂದರು. ಹೆತ್ತ ಹೊಸದರಲ್ಲಿ ಕೂಸಿನ ಮುಖ ನೋಡಿ ಅತ್ತಿದ್ದೆಯಲ್ಲ ಅಂದರು.

ಅತ್ತಿದ್ದೆ. ಆ ವಾರದಲ್ಲಿ ಯಾರು ಅಳುವುದಿಲ್ಲ? ಬಿಸಿನೀರು ತಣ್ಣಗಾದರೆ ಅಳು ಬರುತ್ತಿತ್ತು. ಅಳುವುದು ಬೇರೆ, ಕೆಲಸ ಬಿಡುವುದು ಬೇರೆ ಅಂದೆ. ಬರುವುದಿಲ್ಲ ಅಂತ ನಾನು ನಿಮಗೆ ಯಾವಾಗ ಹೇಳಿದೆ ಅಂತ ಕೇಳಿದೆ. ಅವರು ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಹೋಗಿ ಬೀದಿಯಲ್ಲಿ ಕುಣಿಯುತ್ತಿದ್ದ ಮೊಹರಂ ಹೆಜ್ಜೆ ಮೇಳ ತೋರಿಸುತ್ತ ನಿಂತರು. ಅಮ್ಮ ಒಳಕೋಣೆಯಿಂದ ಹೊರಗೆ ಬರಲೇ ಇಲ್ಲ. ಅವಳಿಗೂ ಗೊತ್ತಿತ್ತು ಅಂತ ಆಗ ತಿಳಿಯಿತು.

ಈಗ ಆ ಭಾನುವಾರವನ್ನು ಮತ್ತೆ ಮೊದಲಿಂದ ನೋಡುತ್ತಿದ್ದೇನೆ. ನೀನು ಬಂದದ್ದು, ಅಕ್ಕಾರ ನೀವು ಖರೇನ ಬಿಡ್ತೀರೇನು ಅಂತ ನನ್ನನ್ನೇ ಕೇಳಲು. ಬಿಡುವುದಿದ್ದರೆ ಅಮಾವಾಸ್ಯೆಯದನ್ನು ಕಲಿತು ನನ್ನ ಮೇಲಿನ ಮಾತು ತೊಳೆಯಲು. ಬಾಯಿ ತೆರೆದಾಗಲೆಲ್ಲ ಒಂದು ಚಹಾ ಬಂತು. ಚಹಾ ತಂದವರು ಎದ್ದು ಹೋಗಲಿಲ್ಲ, ಅವರ ಮುಂದೆ ನೀನು ಕೇಳಲಿಲ್ಲ. ನಾನು ಅದನ್ನು ಉಪಚಾರ ಅಂದುಕೊಂಡೆ. ಇಷ್ಟು ದಿನ ನಾನು ಲೋಹಿತನನ್ನು ಅನುಮಾನಿಸಿದೆ, ನಿನ್ನನ್ನು ಅನುಮಾನಿಸಿದೆ, ಅಂಟಿನ ಉಂಡೆಯನ್ನು ಅನುಮಾನಿಸಿದೆ. ನನ್ನ ಚಾಪೆಯ ಪಕ್ಕದಲ್ಲಿ ಕುಳಿತವರ ಮಾತನ್ನು ಮಾತ್ರ ಒಂದು ಸಲವೂ ಪರೀಕ್ಷೆ ಮಾಡಲಿಲ್ಲ. ನಮ್ಮವರು ಅಂತ ಬಿಟ್ಟಿದ್ದೆ. ಅವರು ಕೆಟ್ಟವರಲ್ಲ ಅಂತ ಬರೆಯಲು ಕೈ ಹೋಗುತ್ತಿದೆ, ಇವತ್ತು ಬರೆಯುವುದಿಲ್ಲ. ನನಗೆ ಇನ್ನೂ ಸಿಟ್ಟಿದೆ.

ಕೆಲಸದ ಮಾತಿಗೆ ಬರುತ್ತೇನೆ. ಅಮಾವಾಸ್ಯೆಯಲ್ಲಿ ಗುಟ್ಟು ಯಾವುದೂ ಇಲ್ಲ. ಎರಡು ದಿನ ಮುಂಚೆ ಕೇಂದ್ರದ ಡ್ರೈವರ್ ಉಳವಪ್ಪನಿಗೆ ಫೋನು ಮಾಡಿ, ಗಾಡಿ ಯಾವತ್ತು ನಿಲ್ಲಿಸುತ್ತೀರಿ ಅಂತ ಕೇಳುತ್ತಿದ್ದೆ. ಅವನಿಗೂ ಗೊತ್ತಿರುವುದಿಲ್ಲ. "ತಡೀರಿ ಮೇಡಮ್ಮಾರ, ಮನ್ಯಾಗ ಹೋಳಗಿ ಯಾವತ್ತು ಮಾಡ್ತಾರ ಕೇಳತೀನಿ," ಅಂತ ಹೆಂಡತಿಯನ್ನು ಕೂಗುತ್ತಾನೆ. ಹೋಳಿಗೆಯ ದಿನ ಗಾಡಿ ಬಂದ್. ಅಷ್ಟೇ. ಒಮ್ಮೊಮ್ಮೆ ಉಳಿದ ಡ್ರೈವರರ ಮನೆಯಲ್ಲಿ ಹೋಳಿಗೆ ಬೇರೆ ದಿನ ಬೀಳುತ್ತದೆ, ಆಗ ಎರಡು ದಿನ ಬಂದ್ ಮಾಡುತ್ತಿದ್ದೆ. ಲೋಹಿತ ನನ್ನ ಕೋಡಿನಲ್ಲಿ ಹುಡುಕಿದರೆ ಇದು ಎಲ್ಲಿ ಸಿಗಬೇಕು? ಮುಚ್ಚಿಟ್ಟದ್ದಲ್ಲ. ಆದರೆ ಎಲ್ಲೂ ಬರೆದಿಟ್ಟಿರಲಿಲ್ಲ, ಯಾರೂ ಕೇಳಲಿಲ್ಲವಲ್ಲ ಅಂತ ಒಳಗೊಳಗೇ ಖುಷಿಯೂ ಇತ್ತು. ನೀನು ಪಕ್ಕದಲ್ಲೇ ಕುಳಿತಿದ್ದಾಗಲೂ ಆ ಫೋನನ್ನು ನಾನು ಹೊರಗೆ ಮೆಟ್ಟಿಲ ಹತ್ತಿರ ಹೋಗಿ ಮಾಡುತ್ತಿದ್ದೆ.

ಇನ್ನು ಮೇಲೆ ಇದು ಯಾರ ತಲೆಯಲ್ಲೂ ಇರಬಾರದು. ಡ್ರೈವರರು ತಾವೇ ಗಾಡಿ ನಿಲ್ಲಿಸುವ ದಿನ ಒತ್ತುವ ಹಾಗೆ ಒಂದು ಪುಟ ಮಾಡು. ಒಂದೊಂದು ಗಾಡಿಗೆ ಬೇರೆ ಬೇರೆ ದಿನ ಇರಲಿ. ದೊಡ್ಡ ಗುಂಡಿ, ಕನ್ನಡ ಅಕ್ಷರ. ಆ ದಿನಕ್ಕೆ ಮೊದಲೇ ಬುಕಿಂಗ್ ಆಗಿದ್ದರೆ ರೈತನಿಗೆ ತಕ್ಷಣ ಮೆಸೇಜು ಹೋಗಲಿ, ಮರುದಿನ ಅವನ ಸರದಿ ಮೊದಲಿರಲಿ. ಅದನ್ನು ನಿನ್ನ ಹೆಸರಿನಲ್ಲಿ ಸೇರಿಸು, ನನ್ನ ಹೆಸರು ಬೇಡ. ಕಾಯಂ ಆಗಲು ನನ್ನ ಕುರ್ಚಿ ಬೇಕಾಗಿಲ್ಲ ಅಂತ ಅವರಿಗೆ ತಿಳಿಯಲಿ.

ಸೋಮವಾರ ಬೆಳಿಗ್ಗೆ ಮಗಳನ್ನು ಕರೆದುಕೊಂಡು ನಾನೇ ಬರುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನಡೆಯುವುದಿಲ್ಲ. ಗಂಡ ಒಂದು ಹೇಳುತ್ತಾನೆ, ಹೆಂಡತಿ ಇನ್ನೊಂದು ಹೇಳುತ್ತಾಳೆ, ಮನೆಯಲ್ಲಿ ಕೂತು ಮಾತಾಡಿಕೊಂಡು ಹೇಳವಾ ಅಂತ ಮಾಲಕರು ಫೋನಿಡುತ್ತಾರೆ, ಅಷ್ಟರಲ್ಲಿ ದಾವಣಗೆರೆಯ ಹುಡುಗ ಕುಳಿತಿರುತ್ತಾನೆ. ಅವರ ಕಣ್ಣೆದುರಿಗೆ ಮೂರು ಮಾಳಿಗೆ ಹತ್ತಬೇಕು. ಮೊಣಕಾಲು ನೋಯುತ್ತದೆ, ಅದೂ ಸುಳ್ಳಲ್ಲ. ನಡುವೆ ನಿಂತು ಸುಧಾರಿಸಿಕೊಂಡು ಹತ್ತುತ್ತೇನೆ. ರಜೆ ಮುಗಿದ ಮರುದಿನ ಬರುತ್ತೇನೆ, ಅಲ್ಲಿಯ ತನಕ ಜಾಗ ನನ್ನದು ಅಂತ ಹೇಳುತ್ತೇನೆ. ನೀನು ನನ್ನ ಪರವಾಗಿ ಏನೂ ಮಾತಾಡಬೇಡ, ನಿನ್ನ ಕಾಯಂ ಇನ್ನೂ ಅವರ ಕೈಯಲ್ಲಿದೆ. ಸುಮ್ಮನೆ ನಿನ್ನ ಕುರ್ಚಿಯಲ್ಲಿ ಕುಳಿತಿರು. ಬ್ಯಾಗು ನಾನು ಬರುವ ತನಕ ಅಲ್ಲೇ ಇರಲಿ.

ನಿಮ್ಮ ಅವ್ವನಿಗೆ ಹೇಳು, ಉಂಡೆ ಎಲ್ಲಾ ಖಾಲಿಯಾದವು.

ನಿನ್ನನ್ನು ಸುಮ್ಮಸುಮ್ಮನೆ ಅನುಮಾನಿಸಿದ, ಆದರೂ ನಿನ್ನ ಪಕ್ಕದಲ್ಲೇ ಕೂರಬೇಕೆಂದಿರುವ,
ರುಹಿ ಅಕ್ಕ

ಇನ್ನೊಂದು ಮಾತು: ಈ ಲಕೋಟೆಯನ್ನು ಅಂಚೆಗೆ ಹಾಕುತ್ತಿಲ್ಲ. ನಾಳೆ ಸಂಜೆ ಹಬ್ಬ ಮುಗಿಸಿಕೊಂಡು ಬೆಟಗೇರಿಗೆ ಹೊರಡುವ ನಮ್ಮವರ ಕೈಯಲ್ಲೇ ಕೊಡುತ್ತೇನೆ, ಸೋಮವಾರ ಬೆಳಿಗ್ಗೆ ರೋಜಾಳಿಗೆ ಮುಟ್ಟಿಸಿ ಅಂತ. ಲಕೋಟೆಯ ಬಾಯಿಗೆ ಅಂಟು ಹಚ್ಚಿಲ್ಲ. ಓದಬೇಡಿ ಅಂತಲೂ ಹೇಳುವುದಿಲ್ಲ. ಅವರಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ. ಪುಟಗಳಿಗೆ ನಂಬರು ಹಾಕಿದ್ದೇನೆ, ಒಂದು ಕಡಿಮೆ ಇದ್ದರೂ ನನಗೆ ಹೇಳು. ಸೋಮವಾರ ನಾನು ಬರುವುದನ್ನು ಅವರಿಗೆ ಬಾಯಿಂದ ಹೇಳಿಲ್ಲ, ಗೊತ್ತಾಗುವುದಿದ್ದರೆ ಇದರಿಂದಲೇ ಗೊತ್ತಾಗಲಿ. ನೀನು ಇಲ್ಲಿಯ ತನಕ ಓದಿದ್ದೀಯ ಅಂದರೆ ಅವರು ತಂದು ಕೊಟ್ಟಿದ್ದಾರೆ. ಈಗ ಎದ್ದು ಒಮ್ಮೆ ಕಿಟಕಿಯಿಂದ ಕೆಳಗೆ ನೋಡು. ಕೊಟ್ಟು ಅಂಗಡಿಗೆ ಹೋಗಿಬಿಟ್ಟರೋ, ನಾನು ಮೆಟ್ಟಿಲು ಹತ್ತುವಾಗ ಕೂಸನ್ನು ಎತ್ತಿಕೊಳ್ಳಲು ಅಲ್ಲೇ ನಿಂತಿದ್ದಾರೋ?